ಮೇಳಕ್ಕೆ ಯಾವ ಪೆನ್ನು ಒಯ್ಯಬೇಕು: ಕೈಯಿಂದ ಕಡೆದ ಪೆನ್ನುಗಳ ಆಯ್ಕೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಹೀಗಾಗಿ ಅಲ್ಲಿ ಮಾರಿದ ವಸ್ತುವಿನ ಗುಣದೋಷ ಮಾರಿದವನ ಕಿವಿಗೆ ಬೀಳುವುದು ಎರಡು ವರ್ಷದ ನಂತರವೇ. ನಾನು ಮೊದಲ ಸಲ ಅಲ್ಲಿ ಮೇಜು ಹಾಕಿದಾಗ ತೆಳ್ಳನೆಯ, ತಿರುವಿದರೆ ಮೊನೆ ಹೊರಬರುವ ಪೆನ್ನುಗಳನ್ನಷ್ಟೇ ಒಯ್ದಿದ್ದೆ. ನೋಡಲು ನಾಜೂಕಾಗಿದ್ದವು, ಬೇಗ ಖರ್ಚಾದವು. ಮುಂದಿನ ಜಾತ್ರೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಅಂಗಿಯ ಜೇಬಿನಿಂದ ಅಂಥದೇ ಒಂದು ಪೆನ್ನನ್ನು ತೆಗೆದು ನನ್ನ ಮುಂದಿಟ್ಟರು. ಹಲಸಿನ ಮರದ ಹಳದಿ ಬಣ್ಣ ಅವರ ಕೈಯಲ್ಲಿ ಮಾಗಿ ಕಂದಾಗಿತ್ತು, ಎಲ್ಲಿಯೂ ಸೀಳು ಬಿದ್ದಿರಲಿಲ್ಲ. "ತಮಾ, ಪೆನ್ನು ಚೊಲೋ ಇದ್ದು. ಆದ್ರೆ ಇದರ ಕಡ್ಡಿ ಎಲ್ಲೂ ಸಿಕ್ತಿಲ್ಲೆ" ಎಂದರು. ಒಂದೂವರೆ ವರ್ಷದಿಂದ ಬರೆಯದ ಪೆನ್ನನ್ನು ಅವರು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರು. ಅಂದಿನಿಂದ ಯಾವ ಪೆನ್ನನ್ನು ಮೇಳಕ್ಕೆ ಒಯ್ಯಬೇಕೆಂಬ ಪ್ರಶ್ನೆಗೆ ನಾನು ಮರದಿಂದ ಉತ್ತರ ಹುಡುಕುವುದಿಲ್ಲ. ರೀಫಿಲ್ಲಿನಿಂದ ಹುಡುಕಲು ಆರಂಭಿಸುತ್ತೇನೆ.

ಕೊರೆದ ಮರದೊಳಗೆ ಕೊಳವೆ ಅಂಟಿಸಿ, ಲೇತಿನಲ್ಲಿ ತಿರುಗಿಸಿ ಕಡೆದು, ಉಳಿದ ಲೋಹದ ಬಿಡಿಭಾಗಗಳನ್ನು ಜೋಡಿಸಿದರೆ ಮರದ ಪೆನ್ನು. ಈ ಕೊಳವೆ ಮತ್ತು ಬಿಡಿಭಾಗಗಳ ಕಟ್ಟಿಗೆ ಕಿಟ್ ಎನ್ನುತ್ತೇವೆ. ಮರದ ಪೆನ್ನು ಕಡೆಯಲು ತೊಡಗಿದ ಬಹುತೇಕರು ಮೊದಲು ಕೊಳ್ಳುವುದು ಸ್ಲಿಮ್‌ಲೈನ್ ಎಂಬ ಕಿಟ್ ಅನ್ನು. ಅದಕ್ಕೆ 7 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆ ಕೊಳವೆಗಳಿರುತ್ತವೆ, ಬೆಲೆ ಕಡಿಮೆ, ಕಡೆಯುವುದೂ ಸುಲಭ. ಆದರೆ ಅದರೊಳಗೆ ಕೂರುವುದು ಕ್ರಾಸ್ ಬಗೆಯ ಸಪೂರ ರೀಫಿಲ್. ದೊಡ್ಡ ನಗರಗಳಲ್ಲಿ, ಇಲ್ಲವೇ ಅಂತರ್ಜಾಲದ ಅಂಗಡಿಗಳಲ್ಲಿ ಅದು ಸಿಗುತ್ತದೆಯೇ ಹೊರತು ಸಿದ್ದಾಪುರದ ಅಥವಾ ಅಂಕೋಲೆಯ ಪುಸ್ತಕದಂಗಡಿಯಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಪಾರ್ಕರ್ ಬಗೆಯ ರೀಫಿಲ್ ಹಾಗಲ್ಲ. ಸುಮಾರು 98 ಮಿಲಿಮೀಟರ್ ಉದ್ದದ ಈ ದಪ್ಪ ಕಡ್ಡಿಯನ್ನು ಪಾರ್ಕರ್ ಮಾತ್ರವಲ್ಲದೆ ಬೇರೆ ಹಲವು ಕಂಪನಿಗಳೂ ಮಾಡುತ್ತವೆ, ಬಾಲ್‌ಪೆನ್ ಮತ್ತು ಜೆಲ್ ಎರಡರಲ್ಲೂ ಬರುತ್ತದೆ, ತಾಲೂಕು ಕೇಂದ್ರದ ಒಂದಲ್ಲ ಒಂದು ಅಂಗಡಿಯಲ್ಲಿ ದೊರೆಯುತ್ತದೆ. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಸಲಹೆ ಇಷ್ಟೇ: ಕಿಟ್ ತರಿಸುವ ಮೊದಲು ನಿಮ್ಮ ಗಿರಾಕಿಗಳು ವಾಸಿಸುವ ಊರಿನ ಎರಡು ಮೂರು ಪುಸ್ತಕದಂಗಡಿಗಳಿಗೆ ಹೋಗಿ, ಯಾವ ರೀಫಿಲ್ ಇದೆಯೆಂದು ಕೇಳಿ, ಅದನ್ನು ಕೊಂಡು ತಂದು, ಅದು ಹಿಡಿಸುವ ಕಿಟ್‌ಗಳನ್ನು ಮಾತ್ರ ಆರಿಸಿ. ಸ್ಲಿಮ್‌ಲೈನನ್ನು ಬಿಡಲು ಮನಸ್ಸಿಲ್ಲದಿದ್ದರೆ ಪ್ರತಿ ಪೆನ್ನಿನ ಜೊತೆ ಎರಡು ಹೆಚ್ಚುವರಿ ರೀಫಿಲ್ ಇಟ್ಟು, ಅದರ ಬೆಲೆಯನ್ನು ಮೊದಲೇ ಸೇರಿಸಿಕೊಳ್ಳಿ. ಈಗ ನಾನು ಹಾಗೆಯೇ ಮಾಡುತ್ತೇನೆ.

ರೀಫಿಲ್ ನಿಶ್ಚಯವಾದ ಮೇಲೆ ಮರದ ಮಾತು. ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬೇರೆಯವರಿಗಿಲ್ಲದ ಸಿರಿವಂತಿಕೆಯಿದೆ, ಅದರ ಜೊತೆಗೇ ಬೇರೆಯವರಿಗಿಲ್ಲದ ಎಚ್ಚರವೂ ಬೇಕು. ಕಾಡಿನ ಅಂಚಿನಲ್ಲಿ ಬದುಕುವವರ ಕೈಗೆ ಬೀಟೆಯ ತುಂಡೋ ಶ್ರೀಗಂಧದ ಚಕ್ಕೆಯೋ ಹೇಗೋ ಬಂದುಬಿಡುತ್ತದೆ, ಪೆನ್ನಿಗೆ ಬೇಕಾದದ್ದು ಗೇಣುದ್ದದ ಮರ ಮಾತ್ರವಲ್ಲವೇ ಎಂದು ಮನಸ್ಸು ಹೇಳುತ್ತದೆ. ಹಾಗೆ ಬಂದ ಮರವನ್ನು ಮೇಳದ ಮೇಜಿನ ಮೇಲೆ ಇಡಬಾರದು. ಶ್ರೀಗಂಧ ಮತ್ತು ಬೀಟೆ ಎರಡೂ ಅರಣ್ಯ ಕಾನೂನಿನ ಬಿಗಿ ಹಿಡಿತದಲ್ಲಿರುವ ಮರಗಳು. ಅಧಿಕೃತವಾಗಿ ಕೊಂಡ ಬಿಲ್ ನಿಮ್ಮ ಬಳಿ ಇಲ್ಲದಿದ್ದರೆ ಆ ಪೆನ್ನು ಎಷ್ಟೇ ಚೆಂದವಿದ್ದರೂ ಮಾರಾಟಕ್ಕೆ ಯೋಗ್ಯವಲ್ಲ. ಬೀಟೆಗೆ ಇನ್ನೊಂದು ತೊಡಕಿದೆ. 2017ರ ಜನವರಿ 2ರಿಂದ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ, ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಗೋಕರ್ಣದಲ್ಲಿ ಕೊಳ್ಳುವ ವಿದೇಶಿ ಪ್ರವಾಸಿ ತನ್ನ ದೇಶಕ್ಕೆ ಹೋಗುವಾಗ ಇದು ಯಾವ ಮರವೆಂಬ ಪ್ರಶ್ನೆಯನ್ನು ಎದುರಿಸುವಂತೆ ಮಾಡುವುದಕ್ಕಿಂತ ಅವನಿಗೆ ತೆಂಗಿನ ಮರದ ಪೆನ್ನು ಕೊಡುವುದು ಲೇಸು. ಇನ್ನು ಹೊರದೇಶಗಳ ಪೆನ್ನು ತಯಾರಕರ ವಿಡಿಯೋಗಳಲ್ಲಿ ಜಿಂಕೆಯ ಕೊಂಬಿನ ಪೆನ್ನುಗಳು ಬಹಳವಾಗಿ ಕಾಣಸಿಗುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಮತ್ತು ಕಡವೆಯ ಕೊಂಬಿನ ವ್ಯಾಪಾರಕ್ಕೆ ಅವಕಾಶವಿಲ್ಲ. ತಾನಾಗಿ ಉದುರಿ ಕಾಡಿನಲ್ಲಿ ಬಿದ್ದ ಕೊಂಬಾದರೂ ಅಷ್ಟೇ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ತಿಳಿಯದೆ ಕೇಳಿದ ಹುಡುಗರನ್ನು ನಾನು ನೋಡಿದ್ದೇನೆ.

ಹಾಗಾದರೆ ಯಾವುದನ್ನು ಕಡೆಯಬೇಕು? ನನ್ನ ಅನುಭವದಲ್ಲಿ ಮೊದಲ ಸ್ಥಾನ ಹಳೆಯ ಮನೆಗಳ ಮರಕ್ಕೆ. ಅಡಿಕೆ ತೋಟದ ಊರುಗಳಲ್ಲಿ ಹಂಚಿನ ಮನೆ ಕಳಚಿ ಆರ್‌ಸಿಸಿ ಮನೆ ಕಟ್ಟುವಾಗ ತೊಲೆ, ಪಕಾಸು, ಬಾಗಿಲ ಚೌಕಟ್ಟುಗಳ ತುಂಡುಗಳು ಒಲೆಯ ಪಾಲಾಗುತ್ತವೆ. ಹಲಸು, ಸಾಗುವಾನಿ, ಮತ್ತಿ, ಹೊನ್ನೆ, ಹೆಬ್ಬಲಸು ಎಲ್ಲವೂ ಅವುಗಳಲ್ಲಿ ಸಿಗುತ್ತವೆ, ಅಟ್ಟದ ಹೊಗೆಯಲ್ಲಿ ದಶಕಗಟ್ಟಲೆ ಒಣಗಿದ್ದರಿಂದ ಮತ್ತೆ ಕುಗ್ಗುವ ಭಯ ತೀರಾ ಕಡಿಮೆ. ಒಂದೇ ಎಚ್ಚರಿಕೆ, ಒಳಗೆ ಮುರಿದ ಮೊಳೆ ಉಳಿದಿರಬಹುದು. ಕೊರೆಯುವ ಮೊದಲು ಅಯಸ್ಕಾಂತ ಆಡಿಸಿ ನೋಡಬೇಕು. ಮನೆಯ ಯಜಮಾನರಿಂದ ಎರಡು ಸಾಲು ಬರೆಸಿಕೊಂಡು ಇಟ್ಟರೆ ಮರ ಎಲ್ಲಿಂದ ಬಂತೆಂದು ಯಾರು ಕೇಳಿದರೂ ತೋರಿಸಲು ಬರುತ್ತದೆ. ಹಲಸಿನ ಬಗ್ಗೆ ಗಿರಾಕಿಗೆ ಒಂದು ಮಾತು ಹೇಳಿಯೇ ಮಾರಬೇಕು. ಹೊಸದಾಗಿ ಕಡೆದಾಗ ಅರಿಶಿನದಂತೆ ಹಳದಿಯಾಗಿರುವ ಅದು ಬೆಳಕು ತಾಗಿದಂತೆ ಕಂದಾಗುತ್ತ ಹೋಗುತ್ತದೆ. ಹೇಳದಿದ್ದರೆ ಬಣ್ಣ ಹೋಯಿತೆನ್ನುತ್ತಾರೆ, ಹೇಳಿದರೆ ಅದನ್ನೇ ಕಾಯುತ್ತಾರೆ. ಹೊನ್ನೆ ಒದ್ದೆಯಾದರೆ ಹಳದಿ ರಸ ಬಿಡುತ್ತದೆ, ಆದ್ದರಿಂದ ಮೇಲ್ಮೈಯನ್ನು ಪೂರ್ತಿ ಮುಚ್ಚುವ ಲೇಪ ಕೊಡದೆ ಹೊನ್ನೆಯ ಪೆನ್ನನ್ನು ಬಿಳಿ ಅಂಗಿ ತೊಡುವವರಿಗೆ ಮಾರಬಾರದು.

ತಾಳೆಯ ಕುಲದ ಮರಗಳು ಇನ್ನೊಂದು ಬಗೆಯವು. ತೆಂಗು, ಬೈನೆ, ಅಡಿಕೆ ಈ ಮೂರರಲ್ಲೂ ವರ್ಷದ ಬಳೆಗಳಿಲ್ಲ. ಮೆತ್ತನೆಯ ತಿರುಳಿನ ನಡುವೆ ಗಟ್ಟಿಯಾದ ಕಪ್ಪು ನಾರುಗಳು ಉದ್ದಕ್ಕೂ ಓಡುತ್ತವೆ. ಕಡೆದಾಗ ಅವು ಮೈತುಂಬ ಕಪ್ಪು ಗೀರುಗಳಾಗಿ ಕಾಣುತ್ತವೆ, ತುದಿ ಸಪೂರವಾಗುವಲ್ಲಿ ಗೀರುಗಳು ಕತ್ತರಿಸಿ ಉದ್ದನೆಯ ಚುಕ್ಕೆಗಳಾಗುತ್ತವೆ. ನೋಡಿದವರು ಎತ್ತಿಕೊಳ್ಳದೆ ಬಿಡುವುದಿಲ್ಲ. ಮಾಡುವವರಿಗೆ ಮಾತ್ರ ಇದು ತಾಳ್ಮೆಯ ಕೆಲಸ. ಉಳಿ ಸ್ವಲ್ಪ ಮೊಂಡಾಗಿದ್ದರೂ ನಾರು ಕೀಳುತ್ತದೆ, ತಿರುಳು ಉದುರಿ ಗುಳಿ ಬೀಳುತ್ತದೆ. ಆದ್ದರಿಂದ ಅರ್ಧ ಕಡೆದ ಮೇಲೆ ನೀರಿನಂತೆ ತೆಳುವಾದ ಸೂಪರ್ ಗ್ಲೂ ಹನಿಸಿ, ಅದು ಒಣಗಿದ ಬಳಿಕ ಮತ್ತೆ ಕಡೆಯಬೇಕು. ಅಡಿಕೆಯಲ್ಲಿ ಗಟ್ಟಿ ಭಾಗವಿರುವುದು ಹೊರಗಿನ ಸುತ್ತಿನಲ್ಲಿ ಮಾತ್ರ. ಹಳೆಯ ಮರದ ಬುಡದ ದಬ್ಬೆಯಲ್ಲಿ ಸಪೂರ ಪೆನ್ನಿಗಾಗುವಷ್ಟು ದಪ್ಪ ಸಿಕ್ಕರೆ ಸಿಕ್ಕಿತು, ದಪ್ಪ ಪೆನ್ನಿಗೆ ಅದನ್ನು ನಂಬಬೇಡಿ. ಹಾಗಿದ್ದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೇಳಗಳಿಗೆ ನಾಲ್ಕಾದರೂ ಅಡಿಕೆ ಮರದ ಪೆನ್ನು ಒಯ್ಯುತ್ತೇನೆ. ತಮ್ಮನ್ನು ಸಾಕಿದ ಮರದಲ್ಲಿ ಪೆನ್ನಾಗುತ್ತದೆಯೆಂಬುದನ್ನು ತೋಟದವರು ನಂಬುವುದಿಲ್ಲ, ಕೈಯಲ್ಲಿ ಹಿಡಿದು ಮೂಸಿ ನೋಡುತ್ತಾರೆ.

ಮರ ಯಾವುದೇ ಇರಲಿ, ಒಣಗಿದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಳಗಿನ ಹಿತ್ತಾಳೆಯ ಕೊಳವೆ ಕುಗ್ಗುವುದಿಲ್ಲ, ಅದರ ಮೇಲಿನ ಒಂದೆರಡು ಮಿಲಿಮೀಟರಿನ ಮರ ಕುಗ್ಗುತ್ತದೆ. ಕುಗ್ಗಲು ಜಾಗವಿಲ್ಲದಾಗ ಉದ್ದಕ್ಕೂ ಸೀಳುತ್ತದೆ. ಆಷಾಢದ ಮಳೆಯಲ್ಲಿ ನಮ್ಮ ಕರಾವಳಿಯ ಗಾಳಿಯ ತೇವ ಹೀರಿಕೊಂಡ ಮರವನ್ನು ಕಡೆದು, ಬೇಸಿಗೆಯಲ್ಲಿ ಹುಬ್ಬಳ್ಳಿಯ ಮೇಳಕ್ಕೆ ಒಯ್ದರೆ ಏನಾಗುತ್ತದೆಂದು ಒಮ್ಮೆ ನೋಡಿದ್ದೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಜಿನ ಮೇಲಿಂದ ಟಿಕ್ಕೆಂದು ಒಂದು ಸಣ್ಣ ಸದ್ದು ಬಂತು, ಸಂಜೆಯೊಳಗೆ ಮೂರು ಪೆನ್ನುಗಳ ಬೆನ್ನಿನಲ್ಲಿ ಕೂದಲೆಳೆಯಂಥ ಗೀರು ಮೂಡಿತ್ತು. ಅವುಗಳಲ್ಲಿ ಒಂದನ್ನು ಆಗಷ್ಟೇ ಒಬ್ಬರು ಕೊಂಡಿದ್ದರು, ನಾನು ಅವರ ಹಿಂದೆ ಓಡಿ ಹೋಗಿ ಬದಲಿಸಿ ಕೊಟ್ಟೆ. ಈಗ ಪ್ರತಿ ತುಂಡಿನ ಮೇಲೂ ಪೆನ್ಸಿಲಿನಲ್ಲಿ ತೂಕ ಮತ್ತು ತಾರೀಖು ಬರೆಯುತ್ತೇನೆ. ಗ್ರಾಂ ಲೆಕ್ಕದ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಮೂರು ವಾರ ತೂಕ ಇಳಿಯದೆ ನಿಂತರೆ ಮಾತ್ರ ಕೊರೆಯುತ್ತೇನೆ. ಮಳೆಗಾಲದಲ್ಲಿ ತುಂಡುಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಕು. ಅಟ್ಟವಿಲ್ಲದ ಮನೆಯಲ್ಲಿ ಬಲ್ಬು ಉರಿಸಿದ ಪೆಟ್ಟಿಗೆಯೂ ಸಾಕಾಗುತ್ತದೆ. ಕೊರೆದ ಮೇಲೂ ಒಂದು ವಾರ ಬಿಟ್ಟು, ಆಮೇಲೆ ಕೊಳವೆ ಅಂಟಿಸುವುದು ಒಳ್ಳೆಯದು. ಈ ಪರೀಕ್ಷೆಯಲ್ಲಿ ಪಾಸಾಗದ ಮರದ ಪೆನ್ನನ್ನು ಜಿಲ್ಲೆಯ ಹೊರಗಿನ ಮೇಳಕ್ಕೆ ಆರಿಸಲೇಬಾರದು.

ಲೇಪ ಮತ್ತು ಲೋಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರಗು ಮತ್ತು ಜೇನುಮೇಣದ ಹೊಳಪು ಮೊದಲ ದಿನ ಕಣ್ಣು ಸೆಳೆಯುತ್ತದೆ, ಬೆವರುವ ಕೈಯಲ್ಲಿ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಸೂಪರ್ ಗ್ಲೂವಿನ ಪದರಗಳ ಲೇಪ ಗಟ್ಟಿ, ಆದರೆ ದಪ್ಪವಾದರೆ ಪ್ಲಾಸ್ಟಿಕ್ಕಿನಂತೆ ತೋರುತ್ತದೆ. ದಿನವೂ ಬರೆಯುವವರ ಪೆನ್ನಿಗೆ ನಾನು ತೆಳುವಾಗಿ ಎರಡನೆಯದನ್ನೇ ಆರಿಸುತ್ತೇನೆ. ಚಿನ್ನದ ಬಣ್ಣದ ಅಗ್ಗದ ಲೇಪವಿರುವ ಕಿಟ್‌ಗಳು ಕಾರವಾರ, ಕುಮಟಾದಂಥ ಉಪ್ಪು ಗಾಳಿಯ ಊರುಗಳಲ್ಲಿ ಬೇಗ ಬಣ್ಣಗೆಡುತ್ತವೆ, ಕ್ರೋಮ್ ತಾಳಿಕೊಳ್ಳುತ್ತದೆ.

ಶಾಯಿ ಪೆನ್ನಿನ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ಕೈಯಿಂದ ಕಡೆದ ಶಾಯಿ ಪೆನ್ನಿಗೆ ದೊಡ್ಡ ಪರಂಪರೆಯಿದೆ. 1930ರ ದಶಕದಲ್ಲಿ ಗಾಂಧೀಜಿಯವರಿಗೆ ಸ್ವದೇಶಿ ಪೆನ್ನು ಮಾಡಿ ಒಪ್ಪಿಸಿದ ರಾಜಮಂಡ್ರಿಯ ಕೆ.ವಿ. ರತ್ನಂ ಅವರ ಹೆಸರು ಪೆನ್ನಿನ ಕೆಲಸದವರೆಲ್ಲರಿಗೂ ಗೊತ್ತು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಎಬೊನೈಟ್ ಎಂಬ ವಸ್ತುವಿನಲ್ಲಿ ಅಂಥ ಪೆನ್ನುಗಳನ್ನು ಕಡೆಯುತ್ತಾರೆ. ಮರ ಶಾಯಿ ಕುಡಿಯುತ್ತದೆ, ಎಬೊನೈಟ್ ಕುಡಿಯುವುದಿಲ್ಲ, ಕೈಗೆ ಬೆಚ್ಚಗಿರುತ್ತದೆ. ಬಿಸಿಲಿಗೆ ಮಾತ್ರ ಅದರ ಕಪ್ಪು ಮಾಸಿ ಕಂದು ಹಸಿರಿಗೆ ತಿರುಗುವುದರಿಂದ ಮೇಜಿನ ಬಿಸಿಲು ಬೀಳುವ ಬದಿಗೆ ಇಡಬಾರದು. ಹನಿಗೊಳವೆಯಿಂದ ನೇರವಾಗಿ ಹೊಟ್ಟೆಗೆ ಶಾಯಿ ತುಂಬುವ ಪೆನ್ನು ಎರಡು ಮೂರು ಮಿಲಿಲೀಟರ್ ಹಿಡಿಯುತ್ತದೆ, ವಾರಗಟ್ಟಲೆ ಬರೆಯಬಹುದು. ಆದರೆ ಶಾಯಿ ಅರ್ಧಕ್ಕಿಂತ ಇಳಿದಾಗ ಒಳಗೆ ಸೇರಿದ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ನಮ್ಮಲ್ಲಿ ಇದಕ್ಕೆ ಘಟ್ಟವೂ ಸೇರುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಲ್ಲಿ ಮುಚ್ಚಿದ ಪೆನ್ನು ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಶೇಕಡಾ 7ರಷ್ಟು ಹಿಗ್ಗಲು ನೋಡುತ್ತದೆ. ನಿಬ್ಬು ಕೆಳಮುಖವಾಗಿದ್ದರೆ ಜೇಬು ನೀಲಿಯಾಗುವುದು ಖಂಡಿತ. ಆದ್ದರಿಂದ ಪ್ರಯಾಣಿಸುವವರಿಗೆ ಕನ್ವರ್ಟರ್ (ಶಾಯಿ ಹೀರಿಕೊಳ್ಳುವ, ತೆಗೆದು ಹಾಕಬಹುದಾದ ಸಣ್ಣ ಕೊಳವೆ) ಇರುವ ಪೆನ್ನನ್ನು, ಮನೆಯ ಮೇಜಿನಲ್ಲಿ ಕುಳಿತು ಬರೆಯುವವರಿಗೆ ಹನಿಗೊಳವೆಯ ಪೆನ್ನನ್ನು ತೋರಿಸಿ. ಹನಿಗೊಳವೆಯದನ್ನೇ ಕೇಳಿದರೆ ಪೂರ್ತಿ ತುಂಬಿಸಿ, ನಿಬ್ಬು ಮೇಲಾಗಿ ಇಟ್ಟುಕೊಂಡು ಘಟ್ಟ ಹತ್ತುವಂತೆ ಹೇಳಿ ಕೊಡಿ.

ನಿಬ್ಬಿನ ಆಯ್ಕೆಯಲ್ಲಿ ಹೊರಗಿನವರ ಸಲಹೆ ನಮಗೆ ಒಗ್ಗುವುದಿಲ್ಲ. ಇಂಗ್ಲಿಷ್ ಬರೆಯುವವರು ನಡುದಪ್ಪದ ನಿಬ್ಬನ್ನು ಮೆಚ್ಚಬಹುದು. ಕನ್ನಡದ ಅಕ್ಷರ ದುಂಡು, ಒಳಗೆ ಸಣ್ಣ ಹೊಟ್ಟೆ, ಕೆಳಗೆ ಒತ್ತಕ್ಷರ. ರ ಮತ್ತು ಠ ಅಕ್ಷರಗಳ ನಡುವಿನ ಭೇದ ಒಂದು ಚುಕ್ಕೆಯಷ್ಟೇ. ದಪ್ಪ ನಿಬ್ಬಿನಲ್ಲಿ, ನಮ್ಮ ಸಾಮಾನ್ಯ ನೋಟ್‌ಬುಕ್ಕಿನ ಶಾಯಿ ಹರಡುವ ಹಾಳೆಯ ಮೇಲೆ ಬರೆದರೆ ಆ ಹೊಟ್ಟೆ ತುಂಬಿಹೋಗುತ್ತದೆ, ಒತ್ತಕ್ಷರ ಮುದ್ದೆಯಾಗುತ್ತದೆ. ಆದ್ದರಿಂದ ನಮ್ಮ ಊರುಗಳಿಗೆ ಸಣ್ಣ ಮೊನೆಯ ನಿಬ್ಬನ್ನೇ ಹಾಕಿಸಿ. ಪರೀಕ್ಷಿಸಲು ಒಳ್ಳೆಯ ಬಿಳಿ ಹಾಳೆ ಇಡಬೇಡಿ, ಗಿರಾಕಿ ಮನೆಯಲ್ಲಿ ಬಳಸುವಂಥ ಗೆರೆ ಹಾಕಿದ ನೋಟ್‌ಬುಕ್ಕನ್ನೇ ಇಡಿ. ಬಹುತೇಕರು ಮೊದಲು ಶ್ರೀ ಎಂದು ಬರೆಯುತ್ತಾರೆ. ಆ ಒಂದು ಅಕ್ಷರದಲ್ಲಿ ಸುತ್ತು, ಒತ್ತು, ದೀರ್ಘ ಮೂರೂ ಇರುವುದರಿಂದ ಪೆನ್ನಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಬರೆಯುವವರ ಕೈಯನ್ನು ಗಮನಿಸಿ: ಬೆರಳುಗಳು ಹಿಡಿತ ಹುಡುಕಿ ಮೇಲೆ ಕೆಳಗೆ ಸರಿಯುತ್ತಿದ್ದರೆ ಪೆನ್ನಿನ ತೂಕ ಹಿಂದೆ ಬಿದ್ದಿದೆಯೆಂದು ಅರ್ಥ. ಹಿಂಭಾಗದಲ್ಲಿ ದೊಡ್ಡ ಲೋಹದ ಗುಂಡಿಯಿರುವ ಕಿಟ್‌ಗಳನ್ನು ನಾನು ಇದೇ ಕಾರಣಕ್ಕೆ ಕೈಬಿಟ್ಟೆ.

ಯಾವ ಮೇಳಕ್ಕೆ ಎಷ್ಟು ಬಗೆ ಎಂಬುದು ಮುಂದಿನ ಪ್ರಶ್ನೆ. ಹತ್ತು ಬಗೆ ಹರವಿದರೆ ಗಿರಾಕಿ ಎಲ್ಲವನ್ನೂ ಮುಟ್ಟಿ ಯಾವುದನ್ನೂ ಕೊಳ್ಳದೆ ಹೋಗುತ್ತಾನೆ. ಆಕಾರದಲ್ಲಿ ಮೂರು ಬಗೆ, ಒಂದೊಂದರಲ್ಲಿ ನಾಲ್ಕೈದು ಮರ. ಇದಕ್ಕಿಂತ ಹೆಚ್ಚು ಬೇಡ. ನೂರು ಪೆನ್ನು ಒಯ್ಯುವುದಾದರೆ ಅರುವತ್ತು ಪಾರ್ಕರ್ ರೀಫಿಲ್ಲಿನ ಸರಳ ಬಾಲ್‌ಪೆನ್ನು, ಮೂವತ್ತು ಸಪೂರ ಪೆನ್ನು, ಹತ್ತು ಶಾಯಿ ಪೆನ್ನು ಎಂದು ಹೊರಡಿ, ಆಮೇಲೆ ನಿಮ್ಮ ಮಾರಾಟ ನೋಡಿಕೊಂಡು ಬದಲಿಸಿಕೊಳ್ಳಿ. ಮಾರಿಕಾಂಬಾ ಜಾತ್ರೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ, ಅಂದರೆ ಹತ್ತನೆಯ ತರಗತಿಯ ಪರೀಕ್ಷೆಯ ಮುನ್ನ. ಬಿಡ್ಕಿಬೈಲಿನಲ್ಲಿ ದೇವಿಯ ದರ್ಶನ ಮುಗಿಸಿ ಬರುವ ತಂದೆತಾಯಂದಿರು ಮಕ್ಕಳಿಗೆಂದು ಹಗುರಾದ ನೀಲಿ ಬಾಲ್‌ಪೆನ್ನು ಕೇಳುತ್ತಾರೆ. ಅವರ ಮುಂದೆ ಎರಡು ಸಾವಿರ ರೂಪಾಯಿಯ ಪೆನ್ನು ಇಡುವುದು ಸಲ್ಲದು. ಕಾರವಾರದ ಟಾಗೋರ್ ಕಡಲತೀರದ ಆಸುಪಾಸಿನ ಮಾರಾಟದಲ್ಲಿ ಪ್ರವಾಸಿಗರು ನೆನಪಿಗೆಂದು ಕೊಳ್ಳುತ್ತಾರೆ, ತೆಂಗಿನ ಮರದ್ದು ಮೊದಲು ಖಾಲಿಯಾಗುತ್ತದೆ. ಮೇ ತಿಂಗಳಲ್ಲಿ ನಿವೃತ್ತರಾಗುವ ಶಿಕ್ಷಕರಿಗೆ ಸಹೋದ್ಯೋಗಿಗಳು ಉಡುಗೊರೆ ಹುಡುಕುತ್ತಾರೆ, ಆಗ ಪೆಟ್ಟಿಗೆಯ ಸಮೇತ ದಪ್ಪ ಪೆನ್ನು ಬೇಕು. ನವರಾತ್ರಿಯ ಶಾರದಾ ಪೂಜೆಗೆ ಪುಸ್ತಕದ ಜೊತೆ ಇಡಲು ಹೊಸ ಪೆನ್ನು ಕೊಳ್ಳುವವರೂ ಇದ್ದಾರೆ. ಶಿರಸಿಯಲ್ಲಿ ಗುಡಿಗಾರರ ಕೆತ್ತನೆಯನ್ನು ಚಿಕ್ಕಂದಿನಿಂದ ನೋಡಿ ಬೆಳೆದ ಜನರ ಮುಂದೆ ಅರೆಬರೆ ಕೆತ್ತಿದ ಪೆನ್ನು ಇಡಬೇಡಿ. ನುಣುಪಾಗಿ ಕಡೆದು, ಮರದ ಗೀರು ತಾನೇ ಕಾಣುವಂತೆ ಬಿಟ್ಟ ಪೆನ್ನಿಗೆ ಅವರು ಬೆಲೆ ಕೊಡುತ್ತಾರೆ.

ಮೇಜಿನ ಕೆಳಗೆ ಒಂದು ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಬಗೆಗೂ ಮೂರು ಕಂಬ ಎಳೆಯಿರಿ: ಎತ್ತಿಕೊಂಡರು, ಬರೆದು ನೋಡಿದರು, ಕೊಂಡರು. ಪ್ರತಿ ಸಲವೂ ಒಂದೊಂದು ಗೀಟು ಸಾಕು. ಎತ್ತಿಕೊಂಡವರು ಬಹಳ, ಬರೆದವರು ಕಡಿಮೆ ಎಂದಾದರೆ ನೋಟವಿದೆ, ಹಿಡಿತ ಸರಿಯಿಲ್ಲ. ಬರೆದವರು ಬಹಳ, ಕೊಂಡವರು ಕಡಿಮೆ ಎಂದಾದರೆ ಬೆಲೆಯನ್ನೋ ರೀಫಿಲ್ಲನ್ನೋ ನೋಡಬೇಕು. ಎತ್ತಿಕೊಂಡವರೇ ಇಲ್ಲದಿದ್ದರೆ ಮೊದಲು ಅದರ ಜಾಗ ಬದಲಿಸಿ, ಎರಡನೆಯ ದಿನವೂ ಹಾಗೆಯೇ ಇದ್ದರೆ ಆ ಬಗೆಯನ್ನು ಮುಂದಿನ ಮೇಳಕ್ಕೆ ಒಯ್ಯಬೇಡಿ. ಹಳೆಯ ಗಿರಾಕಿ ಪೆನ್ನು ಹಿಡಿದು ಬಂದರೆ ಬೇರೆಲ್ಲ ಬಿಟ್ಟು ಅವರ ಮಾತು ಕೇಳಿ, ಎಲ್ಲಿ ಸವೆದಿದೆ, ಯಾವ ರೀಫಿಲ್ ಹಾಕಿದ್ದಾರೆ, ಕ್ಲಿಪ್ಪು ಸಡಿಲಾಗಿದೆಯೇ ಎಂದು ಬರೆದುಕೊಳ್ಳಿ.

ಆ ಮಾಸ್ತರರ ಪೆನ್ನಿಗೆ ಅಂದು ಚೀಲದಲ್ಲಿದ್ದ ರೀಫಿಲ್ ಹಾಕಿಕೊಟ್ಟೆ, ಇನ್ನೆರಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ. ಅವರು ನನ್ನ ನೋಟ್‌ಬುಕ್ಕಿನಲ್ಲಿ ಶ್ರೀ ಬರೆದು, ಕೆಳಗೆ ತಮ್ಮ ಊರಿನ ಹೆಸರು ಬರೆದು, ಮೊಮ್ಮಗಳಿಗೆಂದು ಇನ್ನೊಂದು ಪೆನ್ನು ಕೇಳಿದರು. ಪಾರ್ಕರ್ ರೀಫಿಲ್ಲಿನದನ್ನೇ ಕೊಟ್ಟೆ.